ಶೋಶೋಳ ಕರುವನ್ನು ನೋಡಲು ಲಿಮುರುವಿಗೆ

ಶುಕ್ರವಾರ ಬೆಳಿಗ್ಗೆ ಕಸರಾನಿಯ ಬಾಡಿಗೆ ಮನೆಗೆ ಬೀಗ ಹಾಕಿ ಹೊರಟೆ. ಅದು 2015ರ ಜುಲೈ. ಭೂಮಧ್ಯರೇಖೆಯ ಬುಡದಲ್ಲಿರುವ ನೈರೋಬಿಯಲ್ಲಿ ಜುಲೈ ಎಂದರೆ ಚಳಿಗಾಲ ಎಂದು ನಮ್ಮ ಕಡೆಯವರಿಗೆ ಹೇಳಿದರೆ ಯಾರೂ ನಂಬುವುದಿಲ್ಲ. ವಾರದಿಂದ ಬಿಸಿಲು ಮುಖ ತೋರಿಸಿರಲಿಲ್ಲ. ಸ್ವೆಟರ್ ಮೇಲೊಂದು ಜಾಕೆಟ್ ಏರಿಸಿ, ಹೆಗಲಿಗೆ ಬಟ್ಟೆಯ ಚೀಲ ಹಾಕಿ, ಕೈಯಲ್ಲಿ ಔಷಧಿಯ ಐಸ್ ಡಬ್ಬಿ ಹಿಡಿದು ಸ್ಟೇಜಿಗೆ ಬಂದೆ. ಇಲ್ಲಿ ಬಸ್ಸು ನಿಲ್ಲುವ ಜಾಗಕ್ಕೆ ಸ್ಟೇಜ್ ಎನ್ನುತ್ತಾರೆ. ಜನರನ್ನು ತುಂಬಿಕೊಂಡು ಹಾಡು ಹಾಕಿಕೊಂಡು ಓಡುವ ವ್ಯಾನುಗಳೇ ಮಟಾಟು.

"ಟೌನ್ ಹಮ್ಸಿನಿ! ಟೌನ್ ಹಮ್ಸಿನಿ!" ಎಂದು ಕಂಡಕ್ಟರ್ ಕೂಗುತ್ತಿದ್ದ. ಪೇಟೆಗೆ ಐವತ್ತು ಶಿಲ್ಲಿಂಗ್. ನನ್ನ ಡಬ್ಬಿಯನ್ನು ಬೆರಳಿನಿಂದ ತಟ್ಟಿ ನೋಡಿದ.

"ಏನಿದೆ ಮುಹಿಂದಿ, ಮೀನಾ?" ಭಾರತೀಯರಿಗೆ ಇಲ್ಲಿ ಮುಹಿಂದಿ ಎನ್ನುತ್ತಾರೆ.

"ಹಸುವಿನ ಔಷಧಿ."

"ಹಸು ಎಲ್ಲಿ?"

"ಲಿಮುರುವಿನಲ್ಲಿ."

"ಹಾಗಾದರೆ ಪುಣ್ಯ. ಹಸುವನ್ನೂ ಹತ್ತಿಸುತ್ತೀಯೇನೋ ಅಂದುಕೊಂಡೆ" ಎಂದು ನಗುತ್ತ ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟ. ಮುಥೈಗಾದ ಎತ್ತರದ ಗೋಡೆಗಳು ದಾಟುವವರೆಗೂ ಅದರ ತಂಪು ಪ್ಯಾಂಟಿನೊಳಗೆ ಇಳಿಯುತ್ತಲೇ ಇತ್ತು. ಆ ದಿನ ಸಂಜೆಯವರೆಗೆ ನನ್ನೊಡನೆ ನಕ್ಕು ಮಾತಾಡಿದವನು ಅವನೊಬ್ಬನೇ.

ನಾನು ಪಶುವೈದ್ಯ. ಚಳ್ಳಕೆರೆ ಕಡೆಯ ಕುರಿಗಾರರ ಮನೆಯವನು. ನಮ್ಮ ವಂಶದಲ್ಲಿ ಪದವಿಯ ಕಪ್ಪು ಗೌನು ತೊಟ್ಟವನು ನಾನೇ ಮೊದಲಿಗ, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹಾಸ್ಟೆಲಿನ ಊಟ, ಸರ್ಕಾರದ ವಿದ್ಯಾರ್ಥಿವೇತನ, ಎರಡು ಸಲ ಫೇಲಾದ ಅಂಗರಚನಾಶಾಸ್ತ್ರ, ಎಲ್ಲ ದಾಟಿಕೊಂಡು ಬಂದು ನೈರೋಬಿಯ ಭಾರತೀಯರ ಪಶು ಔಷಧಿ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದೆ. ಬಂದು ಎರಡು ವರ್ಷವಾಗಿತ್ತು. ಇಲ್ಲಿ ಕನ್ನಡದವರು ಕಡಿಮೆಯೇನಿಲ್ಲ. ಬ್ಯಾಂಕಿನವರು, ಟೆಲಿಕಾಂನವರು, ಕಾರ್ಖಾನೆ ಮ್ಯಾನೇಜರುಗಳು ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರುತ್ತಾರೆ. ನಾನೂ ಹೋಗಿದ್ದೆ. "ನಿಮ್ ಫಾದರ್ ಏನ್ ಮಾಡ್ತಿದ್ರು?" ಎಂದು ಒಬ್ಬರು ಕೇಳಿದರು. "ಕುರಿ ಕಾಯ್ತಿದ್ರು" ಎಂದೆ. "ಓ, ಫಾರ್ಮಿಂಗ್! ನೈಸ್" ಎಂದು ಬಿಸಿಬೇಳೆಬಾತಿನ ಪಾತ್ರೆ ನನ್ನ ಕಡೆ ಸರಿಸಿ ಬೇರೆಯವರ ಜೊತೆ ಶಾಲೆಯ ಫೀಸಿನ ಮಾತಿಗೆ ಹೋದರು. ಅವರ ಮಗಳನ್ನು ಕನ್ನಡದಲ್ಲಿ ಮಾತಾಡಿಸಿದೆ, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಓಡಿದಳು. ಯಾರೂ ಕೆಟ್ಟವರಲ್ಲ. ಆದರೂ ಮತ್ತೆ ಹೋಗಲಿಲ್ಲ.

ಈ ಪ್ರಯಾಣಕ್ಕೆ ಕಾರಣ ಒಂದು ದೂರು. ನಮ್ಮ ಮ್ಯಾನೇಜರ್ ಶೆಣೈ ಸರ್ ಹಿಂದಿನ ದಿನ ಕರೆದು ಹೇಳಿದ್ದರು: "ನೋಡಿ ಡಾಕ್ಟ್ರೇ, ಲಿಮುರು ಕಡೆ ಒಬ್ರು ಲೇಡಿ ಇದ್ದಾರೆ. ನಮ್ಮ ಉಣುಗಿನ ಔಷಧಿ ಬರೀ ನೀರು ಅಂತ ದಿನಾ ಫೋನ್ ಮಾಡಿ ತಲೆ ತಿಂತಿದ್ದಾರೆ. ಎರಡು ಕರು ಸತ್ತಿವೆಯಂತೆ, ಮೂರನೇದಕ್ಕೆ ಜ್ವರವಂತೆ. ಉದ್ದ ಕೂದ್ಲಿರೋ ಹಸುವಂತೆ ಮಾರಾಯ್ರೆ. ಹಸುನೋ ಕರಡಿನೋ, ನೋಡ್ಕೊಂಡು ಬನ್ನಿ. ಕಾರು ಫ್ರೀ ಇಲ್ಲ, ಮಟಾಟುನಲ್ಲಿ ಹೋಗ್ಬಿಡಿ."

ಪೇಟೆಯಲ್ಲಿ ಇಳಿದು ಲಿಮುರುವಿನ ಮಟಾಟು ಹಿಡಿದೆ. ಮೂವತ್ತೈದು ಕಿಲೋಮೀಟರಿಗೆ ನೂರು ಶಿಲ್ಲಿಂಗ್. ವೆಸ್ಟ್‌ಲ್ಯಾಂಡ್ಸ್ ದಾಟಿದ ಮೇಲೆ ರಸ್ತೆ ಏರುತ್ತಲೇ ಹೋಗುತ್ತದೆ. ಕಾಂಗೆಮಿಯ ತಗಡಿನ ಅಂಗಡಿಗಳು, ಆಮೇಲೆ ಜೋಳದ ತುಂಡು ಹೊಲಗಳು, ಆಮೇಲೆ ಚಹಾ. ಎರಡು ಸಾವಿರ ಮೀಟರಿಗೂ ಮೇಲಿನ ಊರು. ಕಿಟಕಿಯ ಗಾಜಿನ ಮೇಲೆ ಮಂಜು ನೀರಾಗಿ ಹರಿಯುತ್ತಿತ್ತು. ಲಿಮುರುವಿನ ಮಾರುಕಟ್ಟೆಯಲ್ಲಿ ಒಂದು ಲೋಟ ಹಾಲಿನ ಚಹಾ, ಎರಡು ಮಂದಾಜಿ (ನಮ್ಮ ಸಿಹಿ ಬೋಂಡದ ಹಾಗಿನ ತಿಂಡಿ) ತಿಂದು ಬಾಡಿಗೆ ಬೈಕು ಹತ್ತಿದೆ. ಇಲ್ಲಿ ಅದಕ್ಕೆ ಬೋಡಾ ಬೋಡಾ ಎನ್ನುತ್ತಾರೆ. ಒಂಬತ್ತು ಕಿಲೋಮೀಟರ್ ಕೆಸರು ದಾರಿ, ಇಕ್ಕೆಲದಲ್ಲೂ ನೀಲಗಿರಿ ಮರ. ಎರಡು ಕಡೆ ನಾನು ಇಳಿದು ತಳ್ಳಬೇಕಾಯಿತು.

ಗೇಟಿನ ಬಳಿ ರಬ್ಬರ್ ಬೂಟು, ಉಣ್ಣೆಯ ಟೋಪಿ ತೊಟ್ಟ ಎತ್ತರದ ಹೆಂಗಸು ನಿಂತಿದ್ದರು. ಅವರೇ ಫೋನು ಮಾಡುತ್ತಿದ್ದ ನ್ಯಾಂಬುರಾ. ವಯಸ್ಸು ಐವತ್ತೈದರ ಆಸುಪಾಸು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಸ್ವಾಗತಿಸಿದರು.

"ಕರಿಬು, ಡಕ್ತಾರಿ. ಇಷ್ಟು ಚಿಕ್ಕವರನ್ನು ಕಳಿಸಿದ್ದಾರಲ್ಲ ನಿಮ್ಮ ಕಂಪನಿಯವರು!"

"ನನಗೆ ಮೂವತ್ತೆರಡು, ಮಾಮಾ." ಇಲ್ಲಿ ಹಿರಿಯ ಹೆಂಗಸರನ್ನು ಮಾಮಾ ಎನ್ನುತ್ತಾರೆ, ನಮ್ಮಲ್ಲಿ ಅಮ್ಮಾ ಎನ್ನುವ ಹಾಗೆ.

"ಹಾಗಾದರೆ ಶೋಶೋಗಿಂತ ದೊಡ್ಡವರು. ಅವಳಿಗೆ ಹದಿನೇಳು. ಬನ್ನಿ."

ಶೋಶೋ ಎಂದರೆ ಇಲ್ಲಿಯವರ ಮಾತಿನಲ್ಲಿ ಅಜ್ಜಿ. ಅಜ್ಜಿ ಮಂಜಿನೊಳಗೆ ನಿಂತಿದ್ದಳು. ಮೊದಲ ನೋಟಕ್ಕೆ ಯಾರೋ ಹುಲ್ಲಿನ ಬಣವೆಗೆ ಎರಡು ಕೊಂಬು ಸಿಕ್ಕಿಸಿ ಹೋದಂತಿತ್ತು. ಹತ್ತಿರ ಹೋದಂತೆ ಬಣವೆ ಕೆಂಪಗಾಯಿತು, ಉಸಿರಾಡತೊಡಗಿತು. ಬೆನ್ನಿನಿಂದ ಮೊಣಕಾಲಿನವರೆಗೆ ಅಲೆಅಲೆಯಾದ ಕೂದಲು. ಹಣೆಯಿಂದ ಇಳಿದ ಜೊಂಪೆ ಕಣ್ಣನ್ನು ಪೂರ್ತಿ ಮುಚ್ಚಿ ಮೂಗಿನ ಹತ್ತಿರಕ್ಕೆ ಬಂದಿತ್ತು. ಕಿವಿಯಲ್ಲೂ ಕುಚ್ಚಿನ ಹಾಗೆ ಕೂದಲು. ಕೊಂಬು ಅಗಲವಾಗಿ ಹೊರಗೆ ಹೋಗಿ ತುದಿಯಲ್ಲಿ ಆಕಾಶಕ್ಕೆ ತಿರುಗಿತ್ತು. ಹೆಣ್ಣಿನ ಕೊಂಬು ಹೀಗೆ ಮೇಲಕ್ಕೆ ಹೋಗುತ್ತದೆ, ಗಂಡಿನದು ದಪ್ಪಗೆ ಅಡ್ಡಕ್ಕೆ ಬಂದು ಮುಂದಕ್ಕೆ ಬಾಗುತ್ತದೆ. ಸ್ಕಾಟ್ಲೆಂಡಿನ ಬೆಟ್ಟದ ತಳಿ. ಕಾಲೇಜಿನ ಪುಸ್ತಕದಲ್ಲಿ ಇದರದ್ದೊಂದು ಮಸುಕು ಚಿತ್ರ, ಕೆಳಗೆ ಎರಡು ಸಾಲು ಇದ್ದದ್ದು ನೆನಪಿತ್ತು. ಪರೀಕ್ಷೆಗೆ ಬರುವುದಿಲ್ಲವೆಂದು ಮೇಷ್ಟ್ರು ಆ ಪುಟ ದಾಟಿಸಿದ್ದರು.

ನ್ಯಾಂಬುರಾ ಹಿಂದೆ ಕಿನಂಗೋಪಿನ ಎತ್ತರದಲ್ಲಿ ಒಬ್ಬ ಬಿಳಿಯನ ಜಮೀನಿನ ಲೆಕ್ಕ ನೋಡಿಕೊಳ್ಳುತ್ತಿದ್ದರಂತೆ. ಆ ಮನುಷ್ಯ ಎಲ್ಲ ಮಾರಿ ಹೊರಟಾಗ ಟ್ರ್ಯಾಕ್ಟರಿಗೆ, ಕುರಿಗೆ, ಕುರ್ಚಿಗೆ ಗಿರಾಕಿ ಬಂದರು. ಈ ಹಸುಗಳನ್ನು ಕೇಳುವವರಿರಲಿಲ್ಲ. ಹಾಲು ಕಡಿಮೆ, ಬೆಳವಣಿಗೆ ನಿಧಾನ, ಮೊದಲ ಕರು ಹಾಕುವುದಕ್ಕೇ ಮೂರು ವರ್ಷ ದಾಟಬೇಕು. ಇವರು ಕೊಂಡು ಇಲ್ಲಿಗೆ ಇಳಿಸಿದರು.

"ನಮ್ಮಣ್ಣ ದಿನಾ ಬೈತಾನೆ" ಎಂದರು. "ಈ ಹುಲ್ಲಿಗೆ ಹಾಲಿನ ಹಸು ಕಟ್ಟಿದರೆ ಡೈರಿಗೆ ಹಾಕಬಹುದು, ಕ್ಷೌರಿಕನನ್ನು ಕರೆಸಬೇಕಾದ ಹಸು ಯಾಕೆ ಸಾಕುತ್ತೀಯ ಅಂತ. ನಾನು ಅವನಿಗೆ ಮಾತು ಕೊಟ್ಟುಬಿಟ್ಟಿದ್ದೇನೆ ಡಕ್ತಾರಿ. ಹೋದ ವರ್ಷ ಹೋರಿ ಸತ್ತಿತು. ಉಳಿದ ಎರಡು ಹಸು ಗಬ್ಬ ಕಟ್ಟುವುದನ್ನು ನಿಲ್ಲಿಸಿವೆ. ಶೋಶೋ ಇನ್ನೊಂದು ಕರು ಹಾಕುವುದಿಲ್ಲ. ಇದು ಹೆಣ್ಣು ಕರು. ಇದು ಉಳಿದರೆ ಹಿಂಡು ಉಳಿಯಿತು, ಹೊರಗಿನಿಂದ ಬೀಜ ತರಿಸಿ ಗಬ್ಬ ಕಟ್ಟಿಸುತ್ತೇನೆ. ಇದೂ ಹೋದರೆ ಲಿಮುರುವಿನ ಕಟುಕನ ಲಾರಿ ಕರೆಸುತ್ತೇನೆ. ಅವನು ಬಂದು ನೋಡಿಕೊಂಡೂ ಹೋಗಿದ್ದಾನೆ."

ಇಷ್ಟನ್ನೂ ಅಳದೆ, ಗಟ್ಟಿಯಾಗಿ, ಪೇಟೆಯ ಭಾವ ಹೇಳುವವರಂತೆ ಹೇಳಿದರು.

ಕರು ತಾಯಿಯ ಕಾಲ ಬುಡದಲ್ಲಿ ಬಯಲಿನಲ್ಲೇ ಬಿದ್ದಿತ್ತು. ಮೂರು ವಾರದ್ದು. ಕೆಂಚು ಬಣ್ಣದ, ಮೆತ್ತಗಿನ ಗುಂಗುರು ಮೈ. ದನ ನೋಡಿಕೊಳ್ಳುವ ಕಿಪ್ರೊನೊ ಎಂಬ ನಡುವಯಸ್ಸಿನ ಆಳು ಕಾಕಂಬಿಯ ಬಕೆಟ್ ಅಲ್ಲಾಡಿಸಿ ಶೋಶೋಳನ್ನು ಬೇಲಿಯಾಚೆಗೆ ಎಳೆದ.

"ಬೇಗ ಮುಗಿಸಿ ಡಕ್ತಾರಿ" ಎಂದ. "ಚಿರತೆಯನ್ನು ಕಲ್ಲು ಹೊಡೆದು ಓಡಿಸಿದವನು ನಾನು. ಈ ಮುದುಕಿಯ ಮುಂದೆ ಮಾತ್ರ ನನ್ನ ಧೈರ್ಯ ನಡೆಯುವುದಿಲ್ಲ."

ಕರುವಿನ ಕಿವಿಯ ಬುಡದಲ್ಲಿ ನಿಂಬೆಹಣ್ಣಿನಷ್ಟು ಬಾವು. ಜ್ವರ ನಲವತ್ತೊಂದು ದಾಟಿತ್ತು. ಉಸಿರು ಮೇಲೆ ಮೇಲೆ. ಅದು ಉಣುಗು ಕಚ್ಚಿ ಬರುವ ಜ್ವರ, ಪೂರ್ವ ಆಫ್ರಿಕಾದ ದನಗಳ ದೊಡ್ಡ ಶತ್ರು. ದೊಡ್ಡ ಹಸುಗಳಿಗೆ ಲಸಿಕೆ ಹಾಕಿಸಿದ್ದರು. ಕರುವಿಗೆ ಲಸಿಕೆ ಹಾಕಬೇಕಾದರೆ ಅದು ಇನ್ನಷ್ಟು ಬೆಳೆಯಬೇಕು. ಅಷ್ಟರೊಳಗೆ ಕೆಟ್ಟ ಉಣುಗು ಕಚ್ಚಿದರೆ ಹೆಚ್ಚು ದಿನ ಉಳಿಯುವುದಿಲ್ಲ. ಮೊದಲ ಇಂಜೆಕ್ಷನ್ ಕೊಟ್ಟೆ. ಎರಡನೆಯದು ಭಾನುವಾರ. ಕರು ಸೂಜಿಗೆ ಮಿಸುಕಲೂ ಇಲ್ಲ. ಅದು ನನಗೆ ಇಷ್ಟವಾಗಲಿಲ್ಲ.

"ಬದುಕುತ್ತದಾ?" ನ್ಯಾಂಬುರಾ ಕೇಳಿದರು.

"ಹೇಳಲಾಗುವುದಿಲ್ಲ, ಮಾಮಾ."

"ಸುಳ್ಳು ಹೇಳುವುದಿಲ್ಲ ನೀವು. ಸರಿ, ಊಟಕ್ಕೆ ಬನ್ನಿ."

ಊಟಕ್ಕೆ ಆಲೂಗಡ್ಡೆ, ಜೋಳ, ಸೊಪ್ಪು ಒಟ್ಟಿಗೆ ಜಜ್ಜಿದ ಮುಕಿಮೋ, ಮೇಕೆ ಮಾಂಸದ ಸಾರು. ನ್ಯಾಂಬುರಾ ದೊಡ್ಡ ಮೇಜಿನ ಆ ತುದಿಯಲ್ಲಿ, ನಾನು ಈ ತುದಿಯಲ್ಲಿ. ರೇಡಿಯೋದಲ್ಲಿ ಗಿಕುಯು ಭಾಷೆಯ ವಾರ್ತೆ. ಇಬ್ಬರೂ ಒಬ್ಬೊಬ್ಬರೇ ಉಂಡು ಅಭ್ಯಾಸವಾದವರು. ನನಗೆ ಕೊಟ್ಟ ಕೋಣೆಯಲ್ಲಿ ಮೂರು ಕಂಬಳಿ ಹೊದ್ದರೂ ಕಾಲು ಬೆಚ್ಚಗಾಗಲಿಲ್ಲ.

ಶನಿವಾರ ಬೆಳಿಗ್ಗೆ ಕರುವಿನ ಜ್ವರ ಇಳಿದಿರಲಿಲ್ಲ. ಹೊರಗೆ ಹತ್ತು ಡಿಗ್ರಿ ಇದ್ದಿರಬಹುದು. ರಾತ್ರಿಯೆಲ್ಲ ಹನಿದಿತ್ತು. ಕೊಟ್ಟಿಗೆ ತೆರೆದೇ ಇದ್ದರೂ ಮೂರು ಹಸುಗಳೂ ಬಯಲಲ್ಲೇ ಗಾಳಿಗೆ ಬೆನ್ನು ಕೊಟ್ಟು ಮಲಗಿದ್ದವು. "ಇವು ಸೂರಿನ ಕೆಳಗೆ ಬರುವುದಿಲ್ಲ" ಎಂದ ಕಿಪ್ರೊನೊ. "ಕೊಟ್ಟಿಗೆ ಕಟ್ಟಿಸಿದ್ದಕ್ಕೆ ಅದರಲ್ಲಿ ಕೋಳಿ ಸಾಕಿದ್ದೇವೆ." ಬೆಳಕು ಹರಿದ ಮೇಲೆ ಶೋಶೋ ಎದ್ದಳು, ಅವಳು ಎದ್ದ ಮೇಲೆ ಉಳಿದ ಎರಡು. ಹಿರಿಯಳು ನಡೆದ ಕಡೆಗೇ ಹಿಂಡು. ನಮ್ಮ ದನ ಮೂಸಿಯೂ ನೋಡದ ಮುಳ್ಳುಪೊದೆ, ಒರಟು ಜರಿಗಿಡ, ಬೇಲಿಯ ಬಳ್ಳಿ, ಎಲ್ಲವನ್ನೂ ನಿಧಾನವಾಗಿ ನಾಲಿಗೆ ಸುತ್ತಿ ಎಳೆದು ತಿಂದವು. ಚರ್ಮದ ಕೆಳಗೆ ಕೊಬ್ಬು ಕಡಿಮೆ. ಬೆಚ್ಚಗಿಡುವುದೇನಿದ್ದರೂ ಆ ಕೂದಲೇ. ಬಿಸಿಲ ತಿಂಗಳಲ್ಲಿ ಅರ್ಧ ಉದುರಿ ಹಗುರಾಗುತ್ತದಂತೆ, ಮತ್ತೆ ಚಳಿಗೆ ಬೆಳೆಯುತ್ತದಂತೆ. ಇಪ್ಪತ್ತು ವರ್ಷ ಬದುಕುವುದು ಇವಕ್ಕೆ ದೊಡ್ಡದಲ್ಲ.

ಅಂದು ಉಣುಗಿನ ಔಷಧಿ ಸಿಂಪಡಿಸುವ ದಿನ. ನಾನು ಪಕ್ಕದಲ್ಲೇ ನಿಂತು ನೋಡಿದೆ. ಕಿಪ್ರೊನೊ ಬಾಟಲಿಯ ಮೇಲೆ ಬರೆದಂತೆಯೇ ಅಳೆದ, ಬೆರೆಸಿದ. ಒಂದೊಂದೇ ಹಸುವನ್ನು ಮರದ ಕಟ್ಟಿನೊಳಗೆ ನಿಲ್ಲಿಸಿ ಬೆನ್ನು, ಹೊಟ್ಟೆ, ಕಾಲು, ಬಾಲ ಎಲ್ಲದಕ್ಕೂ ಹೊಡೆದ. ಕೂದಲ ತುದಿಯಿಂದ ಧಾರೆ ಕಟ್ಟಿ ನೀರು ಇಳಿಯಿತು. "ಮೈ ಪೂರ್ತಿ ನೆನೆಯುವವರೆಗೆ ಸಿಂಪಡಿಸಿ" ಎಂದು ನಮ್ಮ ಲೇಬಲ್ ಹೇಳುತ್ತದೆ. ಇದಕ್ಕಿಂತ ನೆನೆಸಲು ಸಾಧ್ಯವಿರಲಿಲ್ಲ. ತಪ್ಪೇನೂ ಕಾಣಲಿಲ್ಲ. ಈ ಭಾಗದ ಉಣುಗು ನಮ್ಮ ಔಷಧಿಗೆ ಒಗ್ಗಿಹೋಗಿರಬೇಕು ಎಂದುಕೊಂಡೆ. ಆ ಮಾತನ್ನು ಶೆಣೈ ಸರ್‌ಗೆ ಹೇಗೆ ಹೇಳುವುದೆಂದು ಯೋಚಿಸತೊಡಗಿದೆ.

ಹತ್ತು ಗಂಟೆಯ ಹೊತ್ತಿಗೆ ಗಿಗಿರಿಯಿಂದ ಒಂದು ಕಾರು ಬಂತು. ಯಾವುದೋ ರಾಯಭಾರ ಕಚೇರಿಯ ಗಂಡ ಹೆಂಡತಿ. ವಾರಾಂತ್ಯಕ್ಕೆ ಇಂಥವರು ಫೋಟೋ ತೆಗೆಯಲು ಬರುತ್ತಾರೆ, ಚಹಾ ಕುಡಿದು ಏನಾದರೂ ಕೊಟ್ಟು ಹೋಗುತ್ತಾರೆ. ಕಿಪ್ರೊನೊ ಕುದುರೆಯ ಬ್ರಷ್ ತಂದು ಶೋಶೋಳ ಜೊಂಪೆಯನ್ನೂ ಎಡಗಡೆಯ ಕುತ್ತಿಗೆಯನ್ನೂ ಬಾಚಿದ.

"ಬಲಗಡೆ?" ಎಂದೆ.

"ಆ ಕಡೆ ಬೇಲಿ ಇದೆಯಲ್ಲ, ಫೋಟೋದಲ್ಲಿ ಬರುವುದಿಲ್ಲ."

ಹೆಂಡತಿ ಕರುವನ್ನು ನೋಡಿ "ಪಾಪ, ನಿದ್ದೆ ಮಾಡುತ್ತಿದೆ" ಎಂದಳು.

ಅವರು ಹೋದ ಮೇಲೆ ಮಳೆ ಬಂತು. ಜೋರಲ್ಲ, ಸಣ್ಣಗೆ ಬಿಡದೆ ಹಿಡಿಯುವ ಮಳೆ. ಶೋಶೋ ಇನ್ನೂ ಮರದ ಕಟ್ಟಿನಲ್ಲೇ ಇದ್ದಳು. ಎರಡನೇ ಸಲ ಕರುವಿನ ಜ್ವರ ನೋಡಿ ಬಂದಿದ್ದೆ, ಅದೇ ನಲವತ್ತೊಂದು. ನನ್ನ ಬೆರಳು ಮರಗಟ್ಟಿ ಥರ್ಮಾಮೀಟರ್ ಹಿಡಿಯಲೂ ಆಗುತ್ತಿರಲಿಲ್ಲ. ಏನೂ ಯೋಚಿಸದೆ ಎರಡೂ ಕೈಯನ್ನು ಅವಳ ಭುಜದ ಕೂದಲೊಳಗೆ ಇಳಿಸಿದೆ, ಬೆಚ್ಚಗಾಗಲೆಂದು. ಎರಡು ವರ್ಷದಲ್ಲಿ ಬೆಚ್ಚಗಿನ ಜೀವವೊಂದರ ಮೇಲೆ ಕೆಲಸವಿಲ್ಲದೆ ಕೈಯಿಟ್ಟದ್ದು ಅದೇ ಮೊದಲು ಎಂದು ಆಗ ತಿಳಿಯಿತು. ಅವಳು ಸುಮ್ಮನೆ ನಿಂತಳು. ಮೇಲಿನ ಕೂದಲು ಜಿಡ್ಡಾಗಿ, ಒದ್ದೆಯಾಗಿ, ಒರಟಾಗಿತ್ತು. ಅದರ ಕೆಳಗೆ ಇನ್ನೊಂದು ಪದರ, ಮೊಲದ ಮೈಯಷ್ಟು ಮೆತ್ತಗೆ. ಅದರ ಕೆಳಗೆ ಚರ್ಮ.

ಚರ್ಮ ಒಣಗಿತ್ತು.

ಕೈ ತೆಗೆದು ಮೂಸಿದೆ. ಔಷಧಿಯ ವಾಸನೆಯಿಲ್ಲ. ಇನ್ನೊಂದು ಕಡೆ ಇಳಿಸಿದೆ. ಅಲ್ಲೂ ಒಣ. ಬೆಳಿಗ್ಗೆಯಿಂದ ಔಷಧಿ, ಈಗ ಮಳೆ, ಎರಡೂ ಅವಳ ಮೇಲಿನಿಂದ ಜಾರಿ ನೆಲಕ್ಕೆ ಹೋಗಿದ್ದವು.

ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವನಿಗೆ ಇದು ಗೊತ್ತಿರಬೇಕಿತ್ತು. ಮಳೆ ಬಂದಾಗ ನಮ್ಮಪ್ಪ ಕರಿ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಂಡು ಹಿಂಡಿನ ನಡುವೆ ನಿಲ್ಲುತ್ತಿದ್ದರು. ನಾನು ಅದರೊಳಗೆ ನುಸುಳುತ್ತಿದ್ದೆ. ಹೊರಗೆ ಕಂಬಳಿಯ ಎಳೆಯ ಮೇಲೆ ನೀರು ಮುತ್ತುಮುತ್ತಾಗಿ ನಿಂತು ಜಾರುತ್ತಿತ್ತು, ಒಳಗೆ ಅಪ್ಪನ ಅಂಗಿ ಬೆಚ್ಚಗೆ. ಕಂಬಳಿಯ ಒಳಗೆ ನೀರು ಹೋಗಬೇಕಾದರೆ ಎಳೆ ಬಿಡಿಸಿ ಹಿಂಡಿ ತುಂಬಬೇಕು. ಈ ಹಸು ಹುಟ್ಟುವಾಗಲೇ ಕೊಪ್ಪೆ ಹಾಕಿಕೊಂಡು ಬಂದಿದೆ. ಸಾವಿರ ವರ್ಷದ ಮಳೆಗೆ ಹೊಂದಿಕೊಂಡ ಮೈಗೆ ನಮ್ಮ ಔಷಧಿಯೂ ಒಂದು ಮಳೆಯೇ.

"ಕಿಪ್ರೊನೊ! ಕಿವಿ ನೋಡಬೇಕು, ತಲೆ ಹಿಡಿ" ಎಂದು ಕೂಗಿದೆ.

ಕಿವಿಯ ಕುಚ್ಚನ್ನು ಸರಿಸಿದೆವು. ಒಳಗೆ ಕಂದು ಉಣುಗು, ಎಳ್ಳು ಚೆಲ್ಲಿದ ಹಾಗೆ. ಕೆಲವು ರಕ್ತ ಕುಡಿದು ಹುಣಸೆ ಬೀಜದಷ್ಟಾಗಿದ್ದವು. ಇವಳ ರಕ್ತದ ಜೊತೆ ರೋಗಾಣುವನ್ನೂ ಕುಡಿದ ಮರಿ ಉಣುಗು ಹುಲ್ಲಿಗೆ ಬಿದ್ದು, ಅಲ್ಲಿ ಪೊರೆ ಬಿಟ್ಟು ಬೆಳೆದು, ಕರುವಿಗೆ ಹತ್ತುತ್ತದೆ. ಲಸಿಕೆಯಿಂದಾಗಿ ತಾಯಿಗೆ ಏನೂ ಆಗುವುದಿಲ್ಲ. ಆದರೆ ಅವಳ ಮೈಯಿಂದ ಇಳಿದದ್ದೇ ಅವಳ ಕರುಗಳನ್ನು ಕೊಲ್ಲುತ್ತಿತ್ತು.

ಕಿಪ್ರೊನೊನ ಮುಖ ಇಳಿದುಹೋಯಿತು. "ಪ್ರತಿ ಶನಿವಾರ ಹೊಡೆದಿದ್ದೇನೆ ಡಕ್ತಾರಿ. ಒಂದು ವಾರವೂ ಬಿಟ್ಟಿಲ್ಲ. ಮಾಮಾ ನನ್ನ ಬಗ್ಗೆ ಏನಂದುಕೊಳ್ಳುತ್ತಾರೆ?"

"ನೀನು ಬಾಟಲಿಯ ಮೇಲಿದ್ದಂತೆ ಮಾಡಿದೆ. ಬಾಟಲಿಯ ಮೇಲೆ ಬರೆದವರು ನಾವು. ಬರೆಯುವಾಗ ನಮ್ಮ ಕಣ್ಣ ಮುಂದೆ ಇದ್ದದ್ದು ಗಿಡ್ಡ ಕೂದಲಿನ ಹಸು."

ಮಳೆ ನಿಂತ ಮೇಲೆ ಮತ್ತೆ ಶುರುಮಾಡಿದೆವು. ಈ ಸಲ ಮರದ ಕಟ್ಟಿನ ಮೇಲೆ ತಗಡು ಹೊದಿಸಿದೆವು. ನಾನು ಬ್ರಷ್ಷಿನಿಂದ ಕೂದಲನ್ನು ಎದುರು ದಿಕ್ಕಿಗೆ ಎತ್ತಿ ಬೈತಲೆ ತೆಗೆದು ಹಿಡಿದೆ. ಅವನು ಪಂಪಿನ ಮೂತಿಯನ್ನು ಬುಡಕ್ಕೇ ಒತ್ತಿ ಹೊಡೆದ. ಒಂದು ಗೇಣು ಮುಗಿದರೆ ಮುಂದಿನ ಗೇಣು. ಕಿವಿಯೊಳಗೆ ಬಟ್ಟೆಯಲ್ಲಿ ಅದ್ದಿ ಒರೆಸಿದೆವು. ಕುತ್ತಿಗೆಯ ಕೆಳಗಿನ ಗಂಗೆದೊಗಲು, ತೊಡೆಯ ಸಂದು, ಬಾಲದ ಬುಡ. ಮೂರು ಹಸುವಿಗೆ ಸಂಜೆಯಾಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನ್ಯಾಂಬುರಾ, "ಮದುವೆ ಹೆಣ್ಣಿಗೂ ಇಷ್ಟು ತಲೆ ಬಾಚಿದ್ದು ನಾನು ನೋಡಿಲ್ಲ" ಎಂದರು. ಆಮೇಲೆ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಇದು ಮುಂದಿನ ಕರುಗಳಿಗಾಯಿತು. ಈ ಕರುವಿಗೆ?" ಎಂದರು.

ಈ ಕರುವಿನ ಮೈಯೊಳಗೆ ಜ್ವರ ಆಗಲೇ ಹೊಕ್ಕಾಗಿತ್ತು. ಹೊರಗಿನ ದಾರಿ ಮುಚ್ಚಿದ್ದರಿಂದ ಅದಕ್ಕೇನೂ ಪ್ರಯೋಜನವಿರಲಿಲ್ಲ. ಮತ್ತು ಇದು ಹೋದರೆ ಮುಂದಿನ ಕರುಗಳೇ ಇರಲಿಲ್ಲ. ನಾನು ಥರ್ಮಾಮೀಟರ್ ಒರೆಸಿಕೊಂಡು ಕರುವಿನ ಕಡೆ ನಡೆದೆ.

ಭಾನುವಾರ ನ್ಯಾಂಬುರಾ ಚರ್ಚಿಗೆ ಹೋದರು. ಕಿಪ್ರೊನೊಗೆ ರಜೆ. ಎರಡನೇ ಇಂಜೆಕ್ಷನ್ ಕೊಟ್ಟು ಕರುವಿನ ಪಕ್ಕ ಗೋಣಿಚೀಲ ಹಾಸಿಕೊಂಡು ಕೂತೆ. ಬೇಲಿಯಾಚೆಯಿಂದ ಶೋಶೋ ನನ್ನ ಕಡೆಗೇ ಮುಖ ಮಾಡಿ ನಿಂತಿದ್ದಳು. ಜೊಂಪೆಯ ಕೆಳಗೆ ಕಣ್ಣು ಕಾಣದಿದ್ದರೂ ನೋಡುತ್ತಿದ್ದಾಳೆಂದು ಗೊತ್ತಾಗುತ್ತಿತ್ತು. ಆಗೊಮ್ಮೆ ಈಗೊಮ್ಮೆ ಗಂಟಲಿನಲ್ಲೇ ಒಂದು ದನಿ ಮಾಡುತ್ತಿದ್ದಳು. ಕರು ಕಿವಿ ಅಲ್ಲಾಡಿಸುತ್ತಿರಲಿಲ್ಲ.

ಗುಡ್ಡದ ಆ ತುದಿಯಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿತ್ತು. ಶೆಣೈ ಸರ್‌ಗೆ ಎಲ್ಲ ವಿವರಿಸಿದೆ. ಲೇಬಲ್ ತಿದ್ದಬೇಕು, ಉದ್ದ ಕೂದಲಿನ ದನಕ್ಕೆ ಕೂದಲು ಸೀಳಿ ಬುಡಕ್ಕೆ ಹೊಡೆಯಬೇಕೆಂದು ಬರೆಯಬೇಕು ಎಂದೆ.

"ಏನ್ರೀ ಡಾಕ್ಟ್ರೇ, ಬಾಚಣಿಗೆನೂ ಫ್ರೀ ಕೊಡೋಣ್ವಾ? ಇಡೀ ಕೀನ್ಯಾದಲ್ಲಿ ಅಂಥ ಹಸು ಎಷ್ಟಿವೆ ಹೇಳಿ?"

"ನಾನು ನೋಡಿದ್ದು ಮೂರು, ಸರ್."

"ಮೂರು ಹಸುಗೆ ಒಂದು ಲೇಬಲ್ಲಾ?"

"ಕರು ಉಳಿದರೆ ನಾಲ್ಕು."

ಅವರು ನಕ್ಕರು. "ಸರಿ ಮಾರಾಯ್ರೆ, ಬಂದ್ಮೇಲೆ ಮಾತಾಡೋಣ. ನಾಳೆ ಮಧ್ಯಾಹ್ನ ಮೀಟಿಂಗ್ ಇದೆ, ಮರೀಬೇಡಿ."

ಹಾಗೆಯೇ ಊರಿಗೂ ಫೋನು ಹಚ್ಚಿದೆ. ಅಣ್ಣ ಹಿಂಡಿನ ಜೊತೆ ಇದ್ದ, ಹಿಂದೆ ಕುರಿಗಳ ಸದ್ದು ಕೇಳುತ್ತಿತ್ತು.

"ಕೂದ್ಲಿರೋ ಹಸನಾ? ಎಷ್ಟುದ್ದ ಐತಲಾ?"

"ಮೊಣಕಾಲ್ತಂಕ."

"ಕತ್ರಿಸ್ತಾರೇನು?"

"ಇಲ್ಲ."

"ಮತ್ಯಾಕಲಾ ಸಾಕ್ಯಾರೆ? ಒಂದು ಮೂಟೆ ಕೂದ್ಲು ಕಳ್ಸು, ಕಂಬ್ಳಿ ನೇಯ್ಸಿ ನೋಡಾನ" ಎಂದ. ಆಮೇಲೆ, "ಒಬ್ನೇ ಇದ್ದೀಯೇನಾ?" ಎಂದ.

"ಇಲ್ಲಣ್ಣ, ಕರು ಐತೆ" ಎಂದೆ.

ಅಷ್ಟರಲ್ಲಿ ಯಾವುದೋ ಕುರಿ ಹೊಲಕ್ಕೆ ನುಗ್ಗಿತೆಂದು ಕಾಣುತ್ತದೆ, ಅಣ್ಣ ಕೂಗುತ್ತಾ ಓಡಿದ. ಫೋನು ಆನ್ ಆಗಿಯೇ ಇತ್ತು. ಕುರಿಗಳ ಸದ್ದು ದೂರವಾಗುವವರೆಗೆ ಕೇಳಿಸಿಕೊಂಡು ನಾನೇ ಕತ್ತರಿಸಿದೆ.

ಸಂಜೆ ಕರುವಿನ ಜ್ವರ ನಲವತ್ತಕ್ಕೆ ಸ್ವಲ್ಪ ಮೇಲೆ. ಇಳಿಯಿತೆನ್ನಲು ಸಾಲದು, ಇಲ್ಲವೆನ್ನಲೂ ಆಗದು. ನ್ಯಾಂಬುರಾ ಶೋಶೋಳಿಂದ ಕರೆದ ಹಾಲನ್ನು ಬಾಟಲಿಯಲ್ಲಿ ಹಿಡಿದರು. ಕಡಿಮೆ ಹಾಲು, ಆದರೆ ಗಟ್ಟಿ, ಕೆನೆಗಟ್ಟಿ ಹಳದಿಯಾಗಿತ್ತು. ಕರು ಎರಡು ಗುಟುಕು ನುಂಗಿತು. ಉಳಿದದ್ದು ಬಾಯಿಯ ಪಕ್ಕದಿಂದ ಹೊರಗೆ ಬಂತು. "ಸವಾ" ಎಂದರು ನ್ಯಾಂಬುರಾ, ಸರಿ, ಸಾಕು ಎಂಬಂತೆ. ರಾತ್ರಿ ತಾಯಿಯ ಪಕ್ಕದಲ್ಲೇ ಇರಲೆಂದು ಬೇಲಿಯ ಗೇಟು ತೆರೆದುಬಿಟ್ಟೆವು.

ಸೋಮವಾರ ಬೆಳಿಗ್ಗೆ ನಾನು ಬೂಟು ಹಾಕುವ ಮೊದಲೇ ಕಿಪ್ರೊನೊ ಕಿಟಕಿ ಬಡಿದ.

"ಕರು ಇಲ್ಲ, ಡಕ್ತಾರಿ."

ಬಯಲಲ್ಲಿ ಕರು ಮಲಗಿದ್ದ ಜಾಗದ ಹುಲ್ಲು ಒತ್ತಿಹೋಗಿತ್ತು, ಅಷ್ಟೇ. ಮಂಜು ದಟ್ಟವಾಗಿತ್ತು. ನ್ಯಾಂಬುರಾ ರಾತ್ರಿಯ ಬಟ್ಟೆಯ ಮೇಲೆ ಕೋಟು ಹಾಕಿಕೊಂಡು ಓಡಿ ಬಂದರು. ಚಿರತೆ, ಎಂದರು. ಕಿಪ್ರೊನೊ ನೆಲ ನೋಡುತ್ತ ಅಲ್ಲವೆಂದು ತಲೆಯಾಡಿಸಿದ. ರಕ್ತವಿಲ್ಲ, ಎಳೆದ ಗುರುತಿಲ್ಲ. ನನ್ನ ಮನಸ್ಸಿಗೆ ಬಂದದ್ದು ಬೇರೆ. ಸಾಯುವ ಪ್ರಾಣಿ ಕೆಲವು ಸಲ ಎದ್ದು ದೂರ ಹೋಗಿ ಬೀಳುತ್ತದೆ. ಮೂವರೂ ಮೂರು ದಿಕ್ಕಿಗೆ ಹುಡುಕುತ್ತ ಹೊರಟೆವು. ನ್ಯಾಂಬುರಾ ನಡೆಯುತ್ತಲೇ, "ಅಣ್ಣನಿಗೆ ಫೋನ್ ಮಾಡಬೇಕು" ಎಂದರು, ನನಗಲ್ಲ, ತಮಗೇ.

ಶೋಶೋ ಕೆಳಗಿನ ಇಳಿಜಾರಿನಲ್ಲಿ ಎದೆಯೆತ್ತರದ ಜರಿಗಿಡಗಳ ಅಂಚಿನಲ್ಲಿ ಒಬ್ಬಳೇ ಮೇಯುತ್ತಿದ್ದಳು. ನಾನು ಆ ಕಡೆ ತಿರುಗಿದೊಡನೆ ಮೇವು ಬಿಟ್ಟು ತಲೆಯೆತ್ತಿದಳು. ಇನ್ನೂ ಹತ್ತು ಹೆಜ್ಜೆ ಹೋದೆ. ಅವಳು ನನಗೂ ಜರಿಗಿಡಕ್ಕೂ ನಡುವೆ ಬಂದು ಅಡ್ಡ ನಿಂತಳು. ಮೂರು ದಿನ ಬಕೆಟ್ಟಿಗೆ ಬಂದವಳು, ನನ್ನ ಕೈ ಕೂದಲೊಳಗಿದ್ದಾಗ ಸುಮ್ಮನಿದ್ದವಳು. ಈಗ ಮೂಗಿನಿಂದ ಜೋರಾಗಿ ಉಸಿರು ಬಿಟ್ಟಳು. ಮುಂಗಾಲಿನಿಂದ ಮಣ್ಣು ಕೆರೆದಳು.

"ಓಡಿ ಡಕ್ತಾರಿ!" ಕಿಪ್ರೊನೊ ಕೂಗಿದ.

ಕೊಂಬು ತಗ್ಗಿಸಿ ಬಂದೇಬಿಟ್ಟಳು. ಆ ದಪ್ಪ ಮೈಗೆ ಅಷ್ಟು ವೇಗ ಎಲ್ಲಿತ್ತೋ. ನಾನು ಥರ್ಮಾಮೀಟರ್ ಬಿಸಾಡಿ ಬೇಲಿ ಹತ್ತಿ ಆಚೆ ಕೆಸರಿಗೆ ಬಿದ್ದೆ. ಬೇಲಿಯ ಹತ್ತಿರ ಅವಳು ನಿಂತಳು, ತಿರುಗಿ ಅದೇ ಜಾಗಕ್ಕೆ ಹೋಗಿ ನಿಂತಳು. ಆಗ ಅವಳ ಹಿಂದೆ ಜರಿಗಿಡ ಅಲ್ಲಾಡಿತು. ಕೆಂಚಗಿನ ಒಂದು ಬೆನ್ನು ಕಾಣಿಸಿಕೊಂಡು, ನಮ್ಮ ದನಿ ಕೇಳಿ, ಮತ್ತೆ ನೆಲಕ್ಕೆ ಅಂಟಿಕೊಂಡಿತು.

ಈ ತಳಿಯ ತಾಯಿ ಕರುವನ್ನು ಪೊದೆಯಲ್ಲಿ ಬಚ್ಚಿಟ್ಟು ದೂರದಲ್ಲಿ ಮೇಯುತ್ತದೆ. ಗಟ್ಟಿಮುಟ್ಟಾದ ಕರು ಅಲ್ಲೇ ಉಸಿರು ಬಿಗಿಹಿಡಿದು ಮಲಗುತ್ತದೆ. ಬಯಲಲ್ಲಿ ಬಿದ್ದಿದ್ದು, ಯಾರು ಮುಟ್ಟಿದರೂ ಮುಟ್ಟಿಸಿಕೊಂಡದ್ದು ಕಾಯಿಲೆಯಿಂದ. ಈಗ ಅದು ತನ್ನ ಕಾಲಿನಲ್ಲೇ ನಡೆದು ಇಳಿಜಾರು ಇಳಿದಿತ್ತು.

ನ್ಯಾಂಬುರಾ ಬೇಲಿಯ ಕಂಬ ಹಿಡಿದು ನಿಂತರು. ಅಳುತ್ತಿದ್ದರೋ ನಗುತ್ತಿದ್ದರೋ ಹೇಳುವುದು ಕಷ್ಟ. "ನಿಮ್ಮ ಪ್ಯಾಂಟು, ಡಕ್ತಾರಿ" ಎಂದರು.

"ಇರಲಿ ಮಾಮಾ. ಜ್ವರ ನೋಡಬೇಕಿತ್ತು."

"ಹೋಗಿ ನೋಡಿ, ಯಾರು ಬೇಡ ಅಂದರು?" ಕಿಪ್ರೊನೊ ಗಹಗಹಿಸಿದ.

ನೋಡಲಾಗಲಿಲ್ಲ. ಮೂರು ಸಲ ಬಕೆಟ್ ಅಲ್ಲಾಡಿಸಿದರೂ ಅವಳು ಅಲುಗಲಿಲ್ಲ. ಎಷ್ಟು ಜ್ವರ ಇಳಿಯಿತು, ಬಾವು ಎಷ್ಟು ಕರಗಿತು ಎಂಬುದನ್ನು ಕಣ್ಣಾರೆ ಕಾಣದೆಯೇ ನಾನು ಹೊರಡಬೇಕಾಯಿತು. ನ್ಯಾಂಬುರಾ ಒಂದು ಲೋಟ ಬಿಸಿ ಉಜಿ ಕೊಟ್ಟರು. ನಮ್ಮ ರಾಗಿ ಅಂಬಲಿಯೇ, ಸಕ್ಕರೆ ಹಾಕಿರುತ್ತಾರೆ. "ಅಸಾಂಟೆ, ಡಕ್ತಾರಿ" ಎಂದು ಎರಡೂ ಕೈಯಲ್ಲಿ ನನ್ನ ಕೈ ಹಿಡಿದರು. ಅಸಾಂಟೆ ಎಂದರೆ ಧನ್ಯವಾದ. ಬೈಕಿನವನು ಕೆಸರಿಗೆ ಹೆದರಿ ಮೇಲಿನ ರಸ್ತೆಯಲ್ಲೇ ನಿಂತಿದ್ದ. ಅಲ್ಲಿಯವರೆಗೆ ಬೇಲಿಯ ಪಕ್ಕದ ಕಾಲುದಾರಿಯಲ್ಲಿ ಒಬ್ಬನೇ ನಡೆದೆ.

ಅರ್ಧ ದಾರಿಯಲ್ಲಿ ತಿರುಗಿ ನೋಡಿದೆ. ಮಂಜು ತೆಳುವಾಗಿತ್ತು. ಶೋಶೋ ಅಲ್ಲೇ ನಿಂತು ನನ್ನ ಕಡೆಗೆ ಮುಖ ಮಾಡಿದ್ದಳು. ಜರಿಗಿಡ ನಿಶ್ಚಲವಾಗಿತ್ತು. ಒಂದು ಹತ್ತು ನಿಮಿಷ ನಿಂತೆ. ಅವಳೂ ನಿಂತಳು. ಇನ್ನೂ ಸ್ವಲ್ಪ ದೂರ ಹೋಗಿ ನಿಂತೆ. ಆಗಲೂ ಅವಳು ಕದಲಲಿಲ್ಲ. ಕರು ಹಾಲು ಕುಡಿಯುವುದನ್ನು ನೋಡಿಕೊಂಡು ಹೋಗಬೇಕೆಂಬ ಆಸೆ ನನಗೆ. ನಾನು ಹೋಗದೆ ಅವಳು ಕುಡಿಸುವ ಹಾಗಿರಲಿಲ್ಲ.

ಬೈಕಿನವನು ಹಾರ್ನ್ ಮಾಡಿದ. ನಾನು ರಸ್ತೆಯ ಅಂಚಿನವರೆಗೆ ಹಿಂದಕ್ಕೆ ಸರಿದೆ. ಅಲ್ಲಿಂದ ಅವಳು ಮತ್ತೆ ಮೊದಲ ದಿನದ ಬಣವೆಯಷ್ಟೇ ಕಾಣುತ್ತಿದ್ದಳು. ಬಣವೆ ಕೊನೆಗೂ ನನ್ನ ಕಡೆಗೆ ಬೆನ್ನು ತಿರುಗಿಸಿತು. ಜರಿಗಿಡದಿಂದ ಒಂದು ಸಣ್ಣ ಕೆಂಚು ಚುಕ್ಕೆ ಹೊರಗೆ ಬಂದು ಅದರ ಹೊಟ್ಟೆಯ ಕೆಳಗೆ ಸೇರಿಕೊಂಡಿತು. ಅಷ್ಟು ದೂರದಿಂದ ಬೇರೆ ಏನೂ ಕಾಣುತ್ತಿರಲಿಲ್ಲ. ನಾನು ಬೈಕು ಹತ್ತಿದೆ.